ಪಾಲ್ ಬೆಂಕೋ ಅಂದರೆ ಫಿಷರ್‌ಗೆ ಜಾಗ ಬಿಟ್ಟುಕೊಟ್ಟವರು, ಅಷ್ಟೇನಾ?

ಒಂಟೆಜೋಡಿ:
ಎಲ್ಲರಿಗೂ ನಮಸ್ಕಾರ. ಮೊನ್ನೆ ಶನಿವಾರ ನಮ್ಮ ಶಾಲೆಯ ಚೆಸ್ ಕ್ಲಾಸಿನಲ್ಲಿ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಕೇಳಿದಳು. "ಸರ್, ಬೆಂಕೋ ಗ್ಯಾಂಬಿಟ್ ಅಂತಾರಲ್ಲ, ಬೆಂಕೋ ಅಂದ್ರೆ ಊರಾ, ಮನುಷ್ಯನಾ?" (ಗ್ಯಾಂಬಿಟ್ ಅಂದರೆ ಆಟದ ಶುರುವಿನಲ್ಲೇ ಒಂದು ಕಾಯಿ ಕೊಟ್ಟು ಅನುಕೂಲ ಪಡೆಯೋ ಉಪಾಯ.) ನಾನು ಹೇಳಿದೆ: ಮನುಷ್ಯರಮ್ಮ, ಹಂಗೇರಿಯ ಚೆಸ್ ಆಟಗಾರರು, 1970ರಲ್ಲಿ ವಿಶ್ವ ಚಾಂಪಿಯನ್‌ಷಿಪ್ ದಾರಿಯ ಟೂರ್ನಮೆಂಟಿನಲ್ಲಿ ಅಮೆರಿಕದ ಬಾಬಿ ಫಿಷರ್‌ಗೆ ತಮ್ಮ ಜಾಗ ಬಿಟ್ಟುಕೊಟ್ಟರು.

ಮನೆಗೆ ಬಂದ ಮೇಲೆ ನನಗೇ ಸಮಾಧಾನ ಆಗಲಿಲ್ಲ. 91 ವರ್ಷ ಬಾಳಿದವರನ್ನು ಒಂದು ಸಾಲಿನಲ್ಲಿ ಮುಗಿಸಿಬಿಟ್ಟೆ. ಆ ಸಾಲೂ ಇನ್ನೊಬ್ಬರ ಕಥೆಯದು. ಅದಕ್ಕೇ ಈ ಚರ್ಚೆ ಶುರುಮಾಡುತ್ತಿದ್ದೇನೆ.

ಬೆಂಕೋ ಹುಟ್ಟಿದ್ದು 1928ರ ಜುಲೈ 15ಕ್ಕೆ, ಫ್ರಾನ್ಸಿನ ಅಮಿಯೆನ್ಸ್ ಊರಿನಲ್ಲಿ. ಬೆಳೆದಿದ್ದೆಲ್ಲ ಹಂಗೇರಿಯಲ್ಲಿ. ಹುಡುಗನಾಗಿದ್ದಾಗಲೇ ಎರಡನೇ ಮಹಾಯುದ್ಧ ಬಂತು. ಇನ್ನೂ ಮೀಸೆ ಚಿಗುರೋ ವಯಸ್ಸಲ್ಲಿ ಸೈನ್ಯಕ್ಕಾಗಿ ಕಂದಕ ಅಗೆಯೋ ಕೆಲಸ. ಆಮೇಲೆ ಸೋವಿಯತ್ ಸೈನ್ಯದ ಕೈಗೆ ಸಿಕ್ಕಿ ಅಲ್ಲೂ ಕೂಲಿ. ಅಲ್ಲಿಂದ ತಪ್ಪಿಸಿಕೊಂಡು ಮನೆಗೆ ಬಂದರೆ, ಅಪ್ಪನನ್ನೂ ಸೋದರನನ್ನೂ ದುಡಿಮೆಗೆ ಅಂತ ರಷ್ಯಾಕ್ಕೆ ಎಳೆದುಕೊಂಡು ಹೋಗಿದ್ದರು. 1945ರಲ್ಲಿ ಅಮ್ಮ ತೀರಿಕೊಂಡರು. ಇಷ್ಟೆಲ್ಲ ಆಗಿ ಮೂರೇ ವರ್ಷಕ್ಕೆ, 1948ರಲ್ಲಿ, 20ನೇ ವಯಸ್ಸಿಗೆ ಅವರು ಹಂಗೇರಿಯ ಚಾಂಪಿಯನ್. ಊಟಕ್ಕೇ ಕಷ್ಟ ಇದ್ದ ದಿನಗಳಲ್ಲಿ ಅದು ಹೇಗೆ ಸಾಧ್ಯ ಆಯಿತು ಅಂತ ನನಗೆ ಇವತ್ತಿಗೂ ಆಶ್ಚರ್ಯ.

1952ರಲ್ಲಿ ಪೂರ್ವ ಬರ್ಲಿನ್‌ನಿಂದ ಪಶ್ಚಿಮಕ್ಕೆ ದಾಟಲು ನೋಡಿ ಸಿಕ್ಕಿಬಿದ್ದರು. ಸುಮಾರು 16 ತಿಂಗಳು ಬಂಧಿಗಳ ಶಿಬಿರದಲ್ಲಿ ಕಳೆದರು. ಸ್ಟಾಲಿನ್ ಸತ್ತ ಮೇಲೆ 1953ರಲ್ಲಿ ಬಿಡುಗಡೆ. ಆದರೂ ಆಸೆ ಬಿಡಲಿಲ್ಲ. 1957ರಲ್ಲಿ ಐಸ್‌ಲ್ಯಾಂಡಿನ ರೇಕ್ಯಾವಿಕ್‌ನಲ್ಲಿ ವಿದ್ಯಾರ್ಥಿಗಳ ವಿಶ್ವ ತಂಡ ಚಾಂಪಿಯನ್‌ಷಿಪ್ ಮುಗಿಯುತ್ತಿದ್ದ ಹಾಗೆ ಅಮೆರಿಕದ ರಾಯಭಾರ ಕಚೇರಿಗೆ ಹೋಗಿ ಆಶ್ರಯ ಕೇಳಿದರು. ಅಲ್ಲಿಂದ ಅಮೆರಿಕ.

ನಿಮಗೆಲ್ಲ ಅವರ ಬಗ್ಗೆ ಗೊತ್ತಿರೋದನ್ನ ಬರೆಯಿರಿ. ಮುಂದಿನ ಶನಿವಾರ ಆ ಹುಡುಗಿಗೆ ಸರಿಯಾದ ಉತ್ತರ ಕೊಡಬೇಕು.

ನಾಲ್ಕನೇಸಾಲು:
ಸರ್, ನನ್ನದು ನೇರ ಮಾತು, ಬೇಜಾರು ಮಾಡ್ಕೋಬೇಡಿ. ಜಾಗ ಬಿಟ್ಟುಕೊಟ್ಟರು ಅಂತ ಎಲ್ಲರೂ ಹೊಗಳುತ್ತಾರೆ. ಆದರೆ ಅದಕ್ಕೆ 2000 ಡಾಲರ್ ತಗೊಂಡಿದ್ದರು ಅಲ್ವಾ? ದುಡ್ಡು ತಗೊಂಡ ಮೇಲೆ ತ್ಯಾಗ ಅನ್ನೋ ಪದ ಸರಿಹೋಗುತ್ತಾ?

ಒಂಟೆಜೋಡಿ:
ಕೇಳಿದ್ದು ಒಳ್ಳೇದಾಯ್ತು. 2000 ಡಾಲರ್ ನಿಜ. ಅಮೆರಿಕದ ಚೆಸ್ ಫೆಡರೇಷನ್ ಕೊಟ್ಟಿದ್ದು. ಆದರೆ ಆಗಿದ್ದೇನು ನೋಡಿ. ಆ ಸಲ ವಿಶ್ವ ಚಾಂಪಿಯನ್‌ಷಿಪ್ ದಾರಿಯ ಮೊದಲ ಮೆಟ್ಟಿಲು ಅಮೆರಿಕದವರಿಗೆ ಅಲ್ಲಿನ ರಾಷ್ಟ್ರೀಯ ಚಾಂಪಿಯನ್‌ಷಿಪ್ಪೇ. ಫಿಷರ್ ಅದನ್ನು ಆಡಲೇ ಇಲ್ಲ. ಹಾಗಾಗಿ ಮುಂದಿನ ಮೆಟ್ಟಿಲಾದ ಇಂಟರ್‌ಜೋನಲ್ ಟೂರ್ನಮೆಂಟಿಗೆ ಅವರಿಗೆ ಹಕ್ಕಿರಲಿಲ್ಲ. ಹಕ್ಕು ಗಳಿಸಿದ್ದ ಮೂವರಲ್ಲಿ ಬೆಂಕೋ ಒಬ್ಬರು. 42 ವರ್ಷ ಆಗಿತ್ತು. ನಾನು ವಿಶ್ವ ಚಾಂಪಿಯನ್ ಆಗಲಾರೆ, ಅವನು ಆಗಬಲ್ಲ ಅಂತ ಲೆಕ್ಕ ಹಾಕಿದರು. ಯಾರೂ ಒತ್ತಾಯ ಮಾಡಲಿಲ್ಲ, ತೀರ್ಮಾನ ನನ್ನದೇ ಅಂತ ಕೊನೆವರೆಗೂ ಹೇಳಿದರು.

ಇನ್ನೊಂದು ವಿಷಯ. ಜಾಗ ಬಿಟ್ಟು ಮನೆಯಲ್ಲಿ ಕೂರಲಿಲ್ಲ. ಆ ಇಂಟರ್‌ಜೋನಲ್ ನಡೆದ ಸ್ಪೇನಿನ ಪಾಲ್ಮಾ ಡಿ ಮಯೋರ್ಕಾಕ್ಕೆ ಹೋಗಿ, ಉಳಿದಿಬ್ಬರು ಅಮೆರಿಕನ್ನರಾದ ರೆಶೆವ್‌ಸ್ಕಿ ಮತ್ತು ಅಡಿಸನ್ ಅವರಿಗೆ ಸಹಾಯಕರಾಗಿ ಕೆಲಸ ಮಾಡಿದರು. ತಾವು ಆಡಬೇಕಿದ್ದ ಹಾಲ್‌ನಲ್ಲೇ ಬೇರೆಯವರ ಅರ್ಧಕ್ಕೆ ನಿಲ್ಲಿಸಿದ, ಆಮೇಲೆ ಮುಂದುವರಿಸೋ ಆಟಗಳನ್ನು ರಾತ್ರಿ ಕೂತು ವಿಶ್ಲೇಷಣೆ ಮಾಡೋದು. ನನ್ನ ಕೈಲಂತೂ ಆಗ್ತಿರಲಿಲ್ಲ.

ಹಳೇಬೋರ್ಡು:
ಮೇಷ್ಟ್ರೇ, 1972ರಲ್ಲಿ ನಾನು ಹೈಸ್ಕೂಲು. ವಿಶ್ವ ಚಾಂಪಿಯನ್‌ಷಿಪ್‌ನ ಫಿಷರ್–ಸ್ಪಾಸ್ಕಿ ಆಟದ ನಡೆಗಳು ಪೇಪರಿನಲ್ಲಿ ಬರುತ್ತಿದ್ದವು. ಅಣ್ಣ ಓದಿ ಹೇಳೋದು, ನಾನು ಕಾಯಿ ಸರಿಸೋದು. ಬೋರ್ಡಿನ ಒಂದು ಆನೆ ಕಳೆದುಹೋಗಿತ್ತು, ಅದರ ಬದಲು ಹುಣಸೆ ಬೀಜ ಇಡುತ್ತಿದ್ದೆವು. ಆಗ ಬೆಂಕೋ ಹೆಸರು ಒಂದು ಸಲವೂ ಕಿವಿಗೆ ಬೀಳಲಿಲ್ಲ.

ಈಗ ಯೋಚಿಸಿದರೆ ಮೈ ಜುಮ್ಮೆನ್ನುತ್ತೆ. ಪಾಲ್ಮಾದಲ್ಲಿ ಫಿಷರ್ 23 ಆಟಗಳಲ್ಲಿ 18.5 ಅಂಕ ತೆಗೆದರು. ಎರಡನೇ ಸ್ಥಾನಕ್ಕಿಂತ 3.5 ಜಾಸ್ತಿ. ಆಮೇಲೆ ತೈಮನೋವ್ ಮೇಲೆ 6–0, ಲಾರ್ಸೆನ್ ಮೇಲೆ 6–0, ಪೆಟ್ರೋಸ್ಯಾನ್ ಮೇಲೆ 6.5–2.5. ಕೊನೆಗೆ ಸ್ಪಾಸ್ಕಿ ಮೇಲೆ 12.5–8.5. ಆ ಕೊನೇ ಪಂದ್ಯ ನಡೆದಿದ್ದೆಲ್ಲಿ? ರೇಕ್ಯಾವಿಕ್. ಹದಿನೈದು ವರ್ಷದ ಹಿಂದೆ ಬೆಂಕೋ ಕೈಯಲ್ಲಿ ಏನೂ ಇಲ್ಲದೆ ಆಶ್ರಯ ಕೇಳಿದ ಅದೇ ಊರು.

ನಾಲ್ಕನೇಸಾಲು:
ರಾಯರೇ, ರೇಕ್ಯಾವಿಕ್ ವಿಷಯ ನನಗೆ ಹೊಳೆದೇ ಇರಲಿಲ್ಲ. ದುಡ್ಡಿನ ಮಾತು ವಾಪಸ್ ತಗೋತೀನಿ. 2000 ಡಾಲರ್‌ಗೆ ಯಾರೂ ಆ ಅವಕಾಶ ಮಾರಲ್ಲ.

ಗ್ಯಾಂಬಿಟ್‌ಪ್ರಿಯ:
ಫಿಷರ್‌ಗೂ ಬೆಂಕೋಗೂ ಮೊದಲು ಏನಾಗಿತ್ತು ಅಂತ ಗೊತ್ತಾದರೆ ಆ ತೀರ್ಮಾನ ಇನ್ನೂ ದೊಡ್ಡದು ಅನಿಸುತ್ತೆ. 1962ರಲ್ಲಿ ಕ್ಯುರಸಾವ್ ದ್ವೀಪದಲ್ಲಿ ಕ್ಯಾಂಡಿಡೇಟ್ಸ್, ಅಂದರೆ ವಿಶ್ವ ಚಾಂಪಿಯನ್ ಎದುರು ಆಡೋರನ್ನ ಆರಿಸೋ ಟೂರ್ನಮೆಂಟ್. ಮೊದಲ ಸುತ್ತಿನಲ್ಲೇ ಬೆಂಕೋ 1. ಜಿ3 (ಮೊದಲ ನಡೆಗೇ ಜಿ ಸಾಲಿನ ಚಿಕ್ಕ ಕಾಯಿ, ಪಾನ್, ಒಂದು ಮನೆ ಮುಂದಕ್ಕೆ) ಆಡಿ ಫಿಷರ್‌ನ ಸೋಲಿಸಿದರು. ಅದೇ ನಡೆಯಿಂದ ಅಲ್ಲೇ ಮಾಜಿ ವಿಶ್ವ ಚಾಂಪಿಯನ್ ತಾಲ್‌ನನ್ನೂ ಸೋಲಿಸಿದರು. ಅದಕ್ಕೇ ಆ ನಡೆಗೆ ಬೆಂಕೋ ಓಪನಿಂಗ್ ಅಂತ ಹೆಸರು. ಅಮೆರಿಕದಿಂದ ಇಬ್ಬರಿಗೂ ಸೇರಿ ಒಬ್ಬರೇ ಸಹಾಯಕರು, ಆರ್ಥರ್ ಬಿಸ್ಗಯರ್. ಫಿಷರ್‌ಗೆ ಅವರು ತನಗೊಬ್ಬನಿಗೇ ಬೇಕು. ಮಾತಿಗೆ ಮಾತು ಬೆಳೆದು ಬೆಂಕೋ ಫಿಷರ್ ಕೆನ್ನೆಗೆ ಹೊಡೆದೇಬಿಟ್ಟರು. ಎಂಟು ವರ್ಷ ಆದಮೇಲೆ ಅದೇ ಹುಡುಗನಿಗೆ ಜಾಗ ಬಿಟ್ಟರು.

ಅದೇ ಟೂರ್ನಮೆಂಟಿನ ಇನ್ನೊಂದು ಆಟ ನನಗೆ ತುಂಬಾ ಇಷ್ಟ. ಕೊನೆಗೆ ಒಂದೇ ಸುತ್ತು ಬಾಕಿ ಇದ್ದಾಗ ಕೆರೆಸ್ ಎದುರು ಬೆಂಕೋ. ಆ ಟೂರ್ನಮೆಂಟಲ್ಲಿ ಅಲ್ಲಿವರೆಗೆ ಆಡಿದ ಮೂರೂ ಆಟ ಕೆರೆಸ್ ಗೆದ್ದಿದ್ದರು. ಬೆಂಕೋಗೆ ಸ್ವಂತಕ್ಕೆ ಸಿಗೋದೇನೂ ಇರಲಿಲ್ಲ, ಆರನೇ ಸ್ಥಾನ. ಆದರೂ ಗಟ್ಟಿಯಾಗಿ ಆಡಿ ಗೆದ್ದರು. ಪೆಟ್ರೋಸ್ಯಾನ್ 17.5, ಕೆರೆಸ್ 17. ಆ ಅರ್ಧ ಅಂಕದಿಂದ ಪೆಟ್ರೋಸ್ಯಾನ್ ಮುಂದಕ್ಕೆ ಹೋಗಿ 1963ರಲ್ಲಿ ಬೊಟ್ವಿನ್ನಿಕ್‌ನ ಸೋಲಿಸಿ ವಿಶ್ವ ಚಾಂಪಿಯನ್ ಆದರು.

ಅಮ್ಮನೂಆಡ್ತಾಳೆ:
ಇಷ್ಟು ಚೆನ್ನಾಗಿ ಆಡುವವರು ಆರನೇ ಸ್ಥಾನಕ್ಕೆ ಯಾಕೆ ನಿಂತರು? ಸುಮ್ನೆ ಕೇಳ್ತಿದ್ದೀನಿ. ನನ್ನ ಮಗ ಅಂಡರ್-11 ಆಡ್ತಾನೆ. ಅವನ ಜೊತೆ ಕಲಿಯೋಕೆ ಶುರುಮಾಡಿ ನನಗೆ ಎರಡು ವರ್ಷ ಆಯ್ತು ಅಷ್ಟೇ.

ಒಂಟೆಜೋಡಿ:
ಮೇಡಂ, ಗಡಿಯಾರ. ಅವರ ದೊಡ್ಡ ಶತ್ರು ಅದೇ. ಒಂದೊಂದು ನಡೆಗೂ ಆಳಕ್ಕೆ ಇಳಿದು ಯೋಚಿಸೋರು. ಕೊನೆಯ ಹತ್ತು ನಡೆಗೆ ನಿಮಿಷಗಳೇ ಉಳಿಯುತ್ತಿರಲಿಲ್ಲ. ಗೆಲ್ಲೋ ಆಟ ಡ್ರಾ ಆಗೋದು, ಡ್ರಾ ಆಗೋ ಆಟ ಸೋಲು. 1958ರಲ್ಲಿ ಪೊರ್ಟೊರೊಜ್ ಇಂಟರ್‌ಜೋನಲ್‌ನಿಂದ ಆಯ್ಕೆಯಾಗಿ ಗ್ರ್ಯಾಂಡ್‌ಮಾಸ್ಟರ್ ಆದರು. 1959ರ ಕ್ಯಾಂಡಿಡೇಟ್ಸ್‌ನಲ್ಲಿ ಎಂಟರಲ್ಲಿ ಎಂಟನೆಯವರು. ಅಲ್ಲೇ ಆ ಕಪ್ಪು ಕನ್ನಡಕದ ಪ್ರಸಂಗ. ತಾಲ್ ಎದುರಾಳಿಯನ್ನು ದಿಟ್ಟಿಸಿ ನೋಡೋರು. ಆ ಕಣ್ಣು ತನ್ನ ಮೇಲೆ ಬೀಳಬಾರದು ಅಂತ ಬೆಂಕೋ ಕಪ್ಪು ಕನ್ನಡಕ ಹಾಕಿಕೊಂಡು ಕೂತರು. ತಾಲ್ ಪೆಟ್ರೋಸ್ಯಾನ್ ಹತ್ತಿರ ದೊಡ್ಡ ಕನ್ನಡಕ ಇಸಕೊಂಡು ತಾವೂ ಹಾಕಿಕೊಂಡರು. ಜನ ಇದನ್ನು ಹೇಳಿ ನಗುತ್ತಾರೆ. ಶಿಬಿರದಲ್ಲಿ ಒಂದೂವರೆ ವರ್ಷದ ಹತ್ತಿರ ಕಳೆದ ಮನುಷ್ಯನಿಗೆ ಯಾರಾದರೂ ದಿಟ್ಟಿಸಿದರೆ ಹೇಗನಿಸಿರಬೇಡ ಅಂತ ನನಗೆ ಅನಿಸುತ್ತೆ.

ಅಮೆರಿಕದೊಳಗಿನ ಓಪನ್ ಟೂರ್ನಮೆಂಟುಗಳಲ್ಲಿ ಮಾತ್ರ ಅವರನ್ನು ಹಿಡಿಯೋರೇ ಇರಲಿಲ್ಲ. ಯುಎಸ್ ಓಪನ್ ಎಂಟು ಸಲ ಗೆದ್ದರು. 1962ರಿಂದ 1972ರವರೆಗೆ ದೇಶಗಳ ತಂಡಗಳು ಸೆಣಸೋ ಆರು ಒಲಿಂಪಿಯಾಡ್‌ಗಳಲ್ಲಿ ಅಮೆರಿಕದ ಪರ ಆಡಿದರು.

ಗ್ಯಾಂಬಿಟ್‌ಪ್ರಿಯ:
ಇನ್ನು ಗ್ಯಾಂಬಿಟ್ ಬಗ್ಗೆ ನಾನು ಬರೀತೀನಿ, ಹೆಸರೇ ಅದು ಇಟ್ಟುಕೊಂಡಿದ್ದೀನಲ್ಲ. 1. ಡಿ4 ಕುದುರೆ ಎಫ್6, 2. ಸಿ4 ಸಿ5, 3. ಡಿ5 ಬಿ5. ಮೂರನೇ ನಡೆಗೇ ಕಪ್ಪು ಒಂದು ಪಾನ್ ಕೊಡುತ್ತೆ. ಬಿಳಿ ತಿಂದರೆ ಎ6 ಅಂತ ಮತ್ತೆ ಒಡ್ಡುತ್ತೆ. ಅದನ್ನೂ ತಿಂದರೆ ಕಪ್ಪಿಗೆ ಎ ಫೈಲ್, ಬಿ ಫೈಲ್ (ಬೋರ್ಡಿನ ಉದ್ದ ಸಾಲುಗಳು) ಎರಡೂ ತೆರೆದುಕೊಳ್ಳುತ್ತೆ. ಜಿ7ರಲ್ಲಿ ಕೂತ ಒಂಟೆ ಓರೆಯಾಗಿ ಬಿ2ರವರೆಗೂ ಕಣ್ಣಿಟ್ಟಿರುತ್ತೆ.

ಬೇರೆ ಗ್ಯಾಂಬಿಟ್‌ಗಳಲ್ಲಿ ಪಾನ್ ಕೊಟ್ಟರೆ ಬೇಗ ದಾಳಿ ಮಾಡಬೇಕು. ಮಂತ್ರಿಗಳು ಹೋದರೆ ಕಥೆ ಮುಗೀತು. ಇಲ್ಲಿ ತಿರುಗಾಮುರುಗಾ. ಮಂತ್ರಿಗಳು ಹೋದರೂ ಕಪ್ಪಿನ ಒತ್ತಡ ಹೋಗಲ್ಲ, ಎಷ್ಟೋ ಸಲ ಜಾಸ್ತಿನೇ ಆಗುತ್ತೆ. ಹೋದ ವರ್ಷ ಬೆಂಗಳೂರಲ್ಲಿ ಒಂದು ರ‍್ಯಾಪಿಡ್ ಟೂರ್ನಮೆಂಟಲ್ಲಿ ಹೀಗಾಯ್ತು. ಎದುರಾಳಿ ನನಗಿಂತ 200 ರೇಟಿಂಗ್ ಮೇಲೆ. ಅವರ ಬಿಳಿ ಒಂಟೆ ಎಫ್1ರಲ್ಲಿ ಹೋಯ್ತು. ರಾಜನೇ ಅದನ್ನ ಹೊಡೆದ, ಹಾಗಾಗಿ ಕ್ಯಾಸಲಿಂಗ್ (ರಾಜ, ಆನೆ ಒಟ್ಟಿಗೆ ಸರಿಸಿ ರಾಜನನ್ನ ಭದ್ರ ಮಾಡೋ ನಡೆ) ಇಲ್ಲ. ಜಿ3 ಆಡಿ ರಾಜನನ್ನ ಜಿ2ಕ್ಕೆ ನಡೆಸಿಕೊಂಡು ಹೋದರು. ಒಂದು ಪಾನ್ ಮುಂದಿದ್ದೀನಿ ಅಂತ ಮಂತ್ರಿ ಬದಲಾಯಿಸಿಕೊಂಡರು, ಮುಖದಲ್ಲಿ ನಿರಾಳ. ನನ್ನ ಎರಡೂ ಆನೆ ಎ8, ಬಿ8ರಲ್ಲಿ ನಿಂತಿದ್ದವು. ಮುಂದಿನ ಹದಿನೈದು ನಡೆ ಅವರು ಎ2, ಬಿ2 ಪಾನ್ ಕಾಯೋದು ಬಿಟ್ಟು ಬೇರೆ ಏನೂ ಮಾಡೋಕಾಗಲಿಲ್ಲ. ಮೊದಲು ಎ2 ಬಿತ್ತು, ಆಮೇಲೆ ಬಿ2.

ಆಟ ಮುಗಿದ ಮೇಲೆ ಅವರು "ಯಾವಾಗ ತಪ್ಪು ಮಾಡಿದೆ ಅಂತಲೇ ಗೊತ್ತಾಗ್ತಿಲ್ಲ" ಅಂದರು. ಬೆಂಕೋ ಗ್ಯಾಂಬಿಟ್ ಕೊಡೋ ಸೋಲು ಹಾಗೇ ಇರುತ್ತೆ.

ಕಂಪ್ಯೂಟರ್ ಇದನ್ನು ಒಪ್ಪಲ್ಲ, ಬಿಳಿಗೆ ಸ್ವಲ್ಪ ಮೇಲು ಅನ್ನುತ್ತೆ. ಪಾನ್ ತಿನ್ನದೆ ಇರೋದು, ತಿಂದು ಬಿ6 ಅಂತ ವಾಪಸ್ ಕೊಡೋದು, ಹೀಗೆ ಉತ್ತರಗಳೂ ಇವೆ. ನಮ್ಮಂಥ ಕ್ಲಬ್ ಆಟಗಾರರಿಗೆ ಸಾಕಷ್ಟು ಆಯ್ತು.

ನಾಲ್ಕನೇಸಾಲು:
ಆದರೆ ಈ ಗ್ಯಾಂಬಿಟ್ ಬೆಂಕೋ ಕಂಡುಹಿಡಿದಿದ್ದಲ್ಲ ಅಲ್ವಾ? ರಷ್ಯಾ ಕಡೆಯವರು ವೋಲ್ಗಾ ಗ್ಯಾಂಬಿಟ್ ಅಂತಾರೆ.

ಒಂಟೆಜೋಡಿ:
ಹೌದು. ವೋಲ್ಗಾ ಅನ್ನೋ ಹೆಸರು 1946ರ ಒಂದು ಸೋವಿಯತ್ ಪತ್ರಿಕೆಯ ಲೇಖನದಿಂದ ಬಂದದ್ದು. ಅದಕ್ಕೂ ಮೊದಲು, 1936ರಲ್ಲೇ, ಚೆಕ್ ಆಟಗಾರ ಕಾರೆಲ್ ಒಪೊಚೆನ್‌ಸ್ಕಿ ಈ ಪಾನ್ ಕೊಡೋ ಉಪಾಯ ಆಡಿದ್ದರು. ಬೀಜ ಬೇರೆಯವರದೇ. ಆದರೆ 1960ರ ದಶಕದ ಕೊನೆಯಿಂದ ದೊಡ್ಡ ಟೂರ್ನಮೆಂಟುಗಳಲ್ಲಿ ಮತ್ತೆ ಮತ್ತೆ ಆಡಿ, ಎಲ್ಲಿ ಯಾವ ಕಾಯಿ ಕೂರಬೇಕು, ಯಾವಾಗ ಯಾವುದನ್ನ ಬದಲಾಯಿಸಬೇಕು ಅಂತ ಪೂರ್ತಿ ಕಟ್ಟಿಕೊಟ್ಟವರು ಬೆಂಕೋ. 1974ರಲ್ಲಿ ಅದರ ಮೇಲೆ ಒಂದು ಇಡೀ ಪುಸ್ತಕ ಬರೆದರು.

ಇಲ್ಲಿ ನನ್ನ ಮಾತು ಹೇಳಿಬಿಡ್ತೀನಿ. ಬೆಂಕೋ ಆಟಗಾರರಾಗಿ ದೊಡ್ಡವರು, ಬರೆಯುವವರಾಗಿ ಇನ್ನೂ ದೊಡ್ಡವರು. ಗ್ಯಾಂಬಿಟ್‌ನ ಒಳಗೆ ಇರೋದು ಎಂಡ್‌ಗೇಮ್, ಅಂದರೆ ಕಾಯಿಗಳು ಕೆಲವೇ ಉಳಿದ ಆಟದ ಕೊನೆ. ಒಂದು ಪಾನ್ ಕಡಿಮೆ ಇದ್ದರೂ ಕೊನೆಯ ಹಂತದಲ್ಲಿ ಕಾಯಿಗಳು ಚುರುಕಾಗಿರಬೇಕು ಅನ್ನೋದು ಎಂಡ್‌ಗೇಮ್ ಅರಗಿಸಿಕೊಂಡವರಿಗೆ ಮಾತ್ರ ಹೊಳೆಯೋ ಯೋಚನೆ. ಅಮೆರಿಕದ 'ಚೆಸ್ ಲೈಫ್' ಪತ್ರಿಕೆಯಲ್ಲಿ ದಶಕಗಳ ಕಾಲ ಎಂಡ್‌ಗೇಮ್ ಅಂಕಣ ಬರೆದರು. 'ಬೆಂಕೋಸ್ ಬ್ಯಾಫ್ಲರ್ಸ್' ಅಂತ ಒಗಟುಗಳ ಅಂಕಣ ಬೇರೆ. ಹಬ್ಬದ ಸಂಚಿಕೆಗೆ ಕ್ರಿಸ್‌ಮಸ್ ಮರದ ಆಕಾರದಲ್ಲಿ ಕಾಯಿ ಜೋಡಿಸಿ ಒಗಟು ಕಟ್ಟೋರು. ಮಕ್ಕಳಿಗೆ ಅದು ಚಿತ್ರ, ದೊಡ್ಡವರಿಗೆ ತಲೆನೋವು.

ಇನ್ನೊಂದು ಕೆಲಸವಂತೂ ಯಾರ ಕಣ್ಣಿಗೂ ಬೀಳದ್ದು. ರೂಬೆನ್ ಫೈನ್ 1941ರಲ್ಲಿ 'ಬೇಸಿಕ್ ಚೆಸ್ ಎಂಡಿಂಗ್ಸ್' ಅಂತ ದಪ್ಪ ಪುಸ್ತಕ ಬರೆದಿದ್ದರು. ಎಂಡ್‌ಗೇಮ್ ಕಲಿಯೋರಿಗೆಲ್ಲ ಅದೇ ಆಧಾರ. ಆದರೆ ತಪ್ಪುಗಳು ಬಹಳ ಇದ್ದವು. ನಡೆ ಬರೆಯೋ ಪದ್ಧತಿಯೂ ಹಳೇದು. ಬೆಂಕೋ ಒಂದೊಂದೇ ಪೊಸಿಷನ್ ಇಟ್ಟು ನೋಡಿ, ತಿದ್ದಿ, ಹೊಸ ಪದ್ಧತಿಗೆ ತಂದು 2003ರಲ್ಲಿ ಹೊಸ ಆವೃತ್ತಿ ಕೊಟ್ಟರು. ಆಗ ಅವರಿಗೆ 75ರ ವಯಸ್ಸು. ಅದೇ ವರ್ಷ ಅವರ ಸ್ವಂತ ಬದುಕು, ಆಟ, ಒಗಟುಗಳ ಪುಸ್ತಕವೂ ಬಂತು. ತನ್ನ ಕಥೆ ಬರೆಯೋ ವರ್ಷದಲ್ಲೇ ಇನ್ನೊಬ್ಬರ ಪುಸ್ತಕದ ತಪ್ಪು ತಿದ್ದೋಕೆ ಕೂತರು ನೋಡಿ.

ಬುಡಾತೀರ:
ನಮಸ್ಕಾರ, ನಾನು ತುಮಕೂರಿನವಳು, ಕೆಲಸಕ್ಕೆ ಅಂತ ಬುಡಾಪೆಸ್ಟ್‌ಗೆ ಬಂದು ಐದು ವರ್ಷ. ಇಲ್ಲಿ ಮನೆತನದ ಹೆಸರು ಮೊದಲು ಬರುತ್ತೆ, ಹಾಗಾಗಿ ಇವರು ಬೆಂಕೋ ಪಾಲ್. ಚೆಸ್‌ಗೆ ಶಕ್ ಅಂತಾರೆ.

ಕಾಯಿಗಳ ಹೆಸರು ಕೇಳಿದಾಗ ನನಗೆ ನಮ್ಮೂರು ನೆನಪಾಯ್ತು. ಇಂಗ್ಲಿಷಿನವರು ಕ್ವೀನ್ ಅನ್ನೋ ಕಾಯಿಗೆ ಇಲ್ಲಿ ವೆಜೇರ್ ಅಂತಾರೆ. ರಾಣಿ ಅಂತ ಅರ್ಥ ಅಲ್ಲ, ಮುಂದಾಳು ಅಂತ. ನಮ್ಮ ತಾತ ಮಂತ್ರಿ ಅಂತಿದ್ದರಲ್ಲ, ಅದಕ್ಕೆ ಹತ್ತಿರ. ಪಾನ್‌ಗೆ ದ್ಯಲೋಗ್, ಅಂದರೆ ನಡೆದು ಹೋಗೋ ಸೈನಿಕ. ನಮ್ಮ ಕಾಲಾಳು! ಕುದುರೆಗೆ ಹುಸಾರ್, ಕುದುರೆ ಸವಾರ.

ಸೇಚೆನ್ಯಿ ಬಿಸಿನೀರಿನ ಸ್ನಾನದ ಕೊಳ ಇದೆ. ಹೊರಗೆ ಹಿಮ ಬೀಳ್ತಿದ್ದರೂ ಅಜ್ಜಂದಿರು ಎದೆವರೆಗೂ ಬಿಸಿನೀರಲ್ಲಿ ನಿಂತು ಚೆಸ್ ಆಡ್ತಾರೆ. ಬೋರ್ಡಿನ ಸುತ್ತ ಹಬೆ. ಪಕ್ಕದಲ್ಲಿ ನಾಲ್ಕು ಜನ ನಿಂತು ಸಲಹೆ ಕೊಡೋದು ಬೇರೆ, ಥೇಟ್ ನಮ್ಮ ಅರಳಿಕಟ್ಟೆ.

ಬೆಂಕೋ ಕೊನೆಗೆ ಇಲ್ಲಿಗೇ ಬಂದಿದ್ದರು. ಕಮ್ಯುನಿಸ್ಟ್ ಆಡಳಿತ ಹೋದ ಮೇಲೆ ಬುಡಾಪೆಸ್ಟ್‌ಗೂ ಅಮೆರಿಕಕ್ಕೂ ಓಡಾಡಿಕೊಂಡಿದ್ದರು. ಫಿಷರ್ ಕೂಡ 1990ರ ದಶಕದಲ್ಲಿ ಈ ಊರಲ್ಲಿದ್ದರು. ಇಬ್ಬರೂ ಮತ್ತೆ ಸ್ನೇಹಿತರು. ಮುಂದೆ ಮಹಿಳೆಯರ ವಿಶ್ವ ಚಾಂಪಿಯನ್ ಆದ ಸುಸಾನ್ ಪೋಲ್ಗಾರ್ ಚಿಕ್ಕವರಿದ್ದಾಗ ಬೆಂಕೋ ಹತ್ತಿರ ಎಂಡ್‌ಗೇಮ್ ಕಲಿತಿದ್ದರು. 2019ರ ಆಗಸ್ಟ್‌ನಲ್ಲಿ ಬೆಂಕೋ ಇದೇ ಊರಲ್ಲಿ ತೀರಿಕೊಂಡರು. 2024ರಲ್ಲಿ ಇಲ್ಲೇ ಒಲಿಂಪಿಯಾಡ್ ನಡೆದು ನಮ್ಮವರು ಓಪನ್, ಮಹಿಳೆಯರು ಎರಡರಲ್ಲೂ ಚಿನ್ನ ಗೆದ್ದಾಗ ನಾನು ಖುಷಿಗೆ ಅತ್ತೇಬಿಟ್ಟೆ.

ಹಳೇಬೋರ್ಡು:
ಓಡಿಹೋಗಿದ್ದಕ್ಕೆ ಜೈಲಿಗೆ ಹಾಕಿದ ದೇಶಕ್ಕೇ ಮುದುಕನಾಗಿ ವಾಪಸ್ ಬಂದರು. ತಾಯೀ, ಇದನ್ನ ಬರೆದಿದ್ದಕ್ಕೆ ನಿಮಗೆ ದೊಡ್ಡ ನಮಸ್ಕಾರ.

ಅಮ್ಮನೂಆಡ್ತಾಳೆ:
ಮೇಷ್ಟ್ರೇ, ಅವರ ಒಂದು ಒಗಟು ಹಾಕಿ. ನನ್ನಂಥವರಿಗೂ ಅರ್ಥ ಆಗೋ ಅಂಥದ್ದು.

ಒಂಟೆಜೋಡಿ:
ಇದು ಬೆಂಕೋ ಕಟ್ಟಿದ್ದು, 1968. ಚಿತ್ರವೇ ಬೇಡ. ಬಿಳಿ ಕಾಯಿ ನಾಲ್ಕೇ, ನಾಲ್ಕೂ ತಮ್ಮ ತಮ್ಮ ಮನೆಯಲ್ಲೇ ಇವೆ. ರಾಜ ಇ1, ಮಂತ್ರಿ ಡಿ1, ಒಂಟೆಗಳು ಸಿ1 ಮತ್ತು ಎಫ್1. ಕಪ್ಪಿಗೆ ರಾಜ ಒಬ್ಬನೇ, ಇ4ರಲ್ಲಿ. ಬಿಳಿ ನಡೆ, ಮೂರು ನಡೆಯಲ್ಲಿ ಮೇಟ್. ಇದನ್ನು ಫಿಷರ್ ಮುಂದಿಟ್ಟು ಬೆಂಕೋ ಬೆಟ್ ಕಟ್ಟಿ ಗೆದ್ದರು ಅನ್ನೋ ಕಥೆ ಇದೆ. ದಯವಿಟ್ಟು ಕಂಪ್ಯೂಟರ್ ಹಾಕಬೇಡಿ.

ಅಮ್ಮನೂಆಡ್ತಾಳೆ:
ರಾತ್ರಿ ಚಪಾತಿ ಹಿಟ್ಟು ಕಲಸಿಟ್ಟು ಮಗನ ಜೊತೆ ಕೂತೆ. ಮೊದಲು ಚೆಕ್ ಕೊಡೋಣ ಅಂತ ಮಂತ್ರಿಯನ್ನ ಎಲ್ಲಾ ಕಡೆ ಓಡಿಸಿದ್ವಿ, ರಾಜ ಕೈಗೇ ಸಿಗಲಿಲ್ಲ. ಮುಕ್ಕಾಲು ಗಂಟೆ ಆದಮೇಲೆ ಮಗನೇ ಒಂಟೆ ಸಿ4ಕ್ಕೆ ಇಟ್ಟ. ಚೆಕ್ ಅಲ್ಲ, ಏನೂ ಅಲ್ಲ, ಸುಮ್ನೆ ಪಕ್ಕದಲ್ಲಿ ನಿಂತಿದೆ. ಎಣಿಸಿ ನೋಡಿದರೆ ರಾಜನಿಗೆ ಹೋಗೋಕೆ ಇರೋದು ಇ5, ಎಫ್5 ಎರಡೇ ಮನೆ. ಇ5ಕ್ಕೆ ಹೋದರೆ ಮಂತ್ರಿ ಡಿ5, ಚೆಕ್. ರಾಜ ಎಫ್6ಕ್ಕೆ ಹೋಗಲೇಬೇಕು. ಮಂತ್ರಿ ಜಿ5, ಮೇಟ್. ಆದರೆ ಎಫ್5ಕ್ಕೆ ಹೋದರೆ ಅದೇ ಡಿ5 ಚೆಕ್ ಕೆಲಸ ಮಾಡ್ತಿಲ್ಲ, ಜಿ6ಕ್ಕೆ ಜಾರಿಕೊಳ್ತಾನೆ. ಅಲ್ಲಿ ನಿಂತಿದ್ದೀವಿ. ಉತ್ತರ ಹೇಳಬೇಡಿ, ಸುಳಿವು ಕೊಡಿ.

ಒಂಟೆಜೋಡಿ:
ಮಗನಿಗೆ ನನ್ನ ಕಡೆಯಿಂದ ಬೆನ್ನು ತಟ್ಟಿ. ಸುಳಿವು: ಆ ಜಿ6 ಬಾಗಿಲನ್ನ ಮೊದಲು ಮುಚ್ಚಿ. ಮಂತ್ರಿ ಬೋರ್ಡಿನ ನಡುವೆಯೇ ಇರಬೇಕು ಅಂತ ಏನೂ ಇಲ್ಲ.

ಅಮ್ಮನೂಆಡ್ತಾಳೆ:
ಸಿಕ್ತು! ಮಂತ್ರಿ ಎಚ್5! ಅಂಚಿಗೆ! ರಾಜ ಎಫ್6ಕ್ಕೆ ಹೋದರೆ ಜಿ5 ಮೇಟ್. ಇ4ಕ್ಕೆ ವಾಪಸ್ ಹೋದರೆ ಡಿ5 ಮೇಟ್, ಮೊದಲು ನಿಂತಿದ್ದ ಮನೆಯಲ್ಲೇ. ಮಗ ಈಗ ಅಪ್ಪನನ್ನ ಎಬ್ಬಿಸಿ ತೋರಿಸ್ತಿದ್ದಾನೆ.

ಒಂಟೆಜೋಡಿ:
ಶನಿವಾರ ಕ್ಲಾಸಿನಲ್ಲೂ ಇದನ್ನೇ ಇಟ್ಟೆ. ಊರಾ ಮನುಷ್ಯನಾ ಅಂತ ಕೇಳಿದ ಹುಡುಗಿ ಬೆಲ್ ಹೊಡೆದ ಮೇಲೂ ಎದ್ದೇಳಲಿಲ್ಲ. ಬ್ಯಾಗ್ ಹೆಗಲಿಗೆ ಹಾಕಿಕೊಂಡೇ ಬೋರ್ಡ್ ನೋಡುತ್ತಾ ನಿಂತಿದ್ದಳು. ಬಸ್ಸಿಗೆ ಹೊತ್ತಾಯ್ತು ಅಂದಾಗ, "ಸರ್, ಒಂಟೆ ಸಿ4 ಅನ್ಸುತ್ತೆ, ಮಿಕ್ಕಿದ್ದು ಬಸ್ಸಲ್ಲಿ ನೋಡ್ತೀನಿ" ಅಂದು ಓಡಿದಳು.